ಮೊದಲು ಕಿವಿಗೆ, ಆಮೇಲೆ ಬಾಯಿಗೆ

ಗುಡುಗು ಸಿಡಿಲಿನ ಮಳೆ ಹಿಡಿಯಿತೆಂದರೆ ಮಕ್ಕಳನ್ನು ನಡುಮನೆಗೆ ಕರೆದು ಕೂರಿಸಿ ಅರ್ಜುನನ ಹತ್ತು ಹೆಸರು ಹೇಳಿಸುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿತ್ತು. ಅರ್ಜುನ, ಫಲ್ಗುಣ, ಕಿರೀಟಿ, ಧನಂಜಯ ಅಂತ ಅಜ್ಜಿ ಶುರು ಮಾಡಿದರೆ ಸಾಕು, ಉಳಿದವರೆಲ್ಲ ದನಿಗೂಡಿಸುವರು. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಎಷ್ಟು ಹೆಸರು ಮುಗಿಯುತ್ತದೆ ಎನ್ನುವುದು ಮಕ್ಕಳಿಗೆ ಪಂದ್ಯ. ಹೆಸರು ಹೇಳಿದ ಮನೆಗೆ ಸಿಡಿಲು ಬಡಿಯುವುದಿಲ್ಲ ಎಂಬುದು ದೊಡ್ಡವರ ನಂಬಿಕೆ. ಸಿಡಿಲಿಗೆ ಹೆಸರು ಕೇಳಿಸುತ್ತದೆಂದು ನಾನಂತೂ ಹೇಳಲಾರೆ. ಕಿಟಕಿ, ಕರೆಂಟಿನ ತಂತಿಗಳಿಂದ ದೂರ ಎಲ್ಲರೂ ಒಳಗೆ ಒಟ್ಟಿಗೆ ಕೂತಿರುತ್ತಿದ್ದರಲ್ಲ, ಸಿಡಿಲಿನಿಂದ ರಕ್ಷಣೆ ಸಿಕ್ಕಿದ್ದರೆ ಅದರಿಂದ ಸಿಕ್ಕಿರಬೇಕು. ಆದರೆ ಹೆದರಿದ ಮಗುವಿನ ಮಟ್ಟಿಗೆ ಆ ಹತ್ತು ಹೆಸರು ನಿಜವಾಗಿ ಕೆಲಸ ಮಾಡುತ್ತಿದ್ದವು. ಬಾಯಿಗೆ ಕೆಲಸ, ಉಸಿರಿಗೆ ಲಯ, ಪಕ್ಕಕ್ಕೆ ಅಜ್ಜಿಯ ತೊಡೆ. ಇನ್ನೇನು ಬೇಕು?

ಈ ಹೆಸರುಗಳ ಮೂಲ ಮಹಾಭಾರತದ ವಿರಾಟಪರ್ವದಲ್ಲಿದೆ. ಕೌರವರ ಸೈನ್ಯ ನೋಡಿ ರಥದಿಂದ ಹಾರಿ ಓಡಿದ ಉತ್ತರಕುಮಾರನನ್ನು ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಹಿಡಿದು ತಂದು, ಶಮೀವೃಕ್ಷದ ಬಳಿ ತಾನು ಯಾರೆಂದು ತಿಳಿಸುತ್ತಾನೆ. ಹುಡುಗ ಸುಲಭಕ್ಕೆ ನಂಬುವುದಿಲ್ಲ. ಅರ್ಜುನನಿಗೆ ಹತ್ತು ಹೆಸರಿವೆಯಂತೆ, ನೀನು ಅವನೇ ಆಗಿದ್ದರೆ ಹೇಳು ನೋಡೋಣ ಎಂದು ಕೇಳುತ್ತಾನೆ. ಅರ್ಜುನ ಒಂದೊಂದೇ ಹೆಸರು ಹೇಳಿ, ಅದು ತನಗೇಕೆ ಬಂತೆಂದೂ ವಿವರಿಸುತ್ತಾನೆ. ಅಂದರೆ ಹೆದರಿ ನಡುಗುತ್ತಿದ್ದ ಒಬ್ಬ ಹುಡುಗನ ಎದುರು, ಅವನು ಕೇಳಿದ್ದಕ್ಕೇ ಹೇಳಿದ ಹೆಸರುಗಳವು. ನಮ್ಮ ಅಜ್ಜಿಯಂದಿರು ಅದನ್ನು ಇಟ್ಟ ಜಾಗ ಎಷ್ಟು ಸರಿಯಾಗಿದೆ!

ಇದನ್ನು ಯಾರೂ ಮಕ್ಕಳಿಗೆ ಪಾಠವಾಗಿ ಕಲಿಸಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ್ದು. ಇಂಥ ವಯಸ್ಸಿಗೆ ಇಂಥ ಮಂತ್ರ ಎಂಬ ಪಟ್ಟಿ ಇರಲಿಲ್ಲ. ಒಂದು ಹೊತ್ತು ಬರುತ್ತಿತ್ತು, ಆ ಹೊತ್ತಿಗೆ ಮನೆಯ ಹಿರಿಯರೊಬ್ಬರು ತಮ್ಮ ಪಾಡಿಗೆ ಹೇಳುತ್ತಿದ್ದರು, ಕೇಳಿ ಕೇಳಿ ಮಗುವಿನ ಬಾಯಿಗೆ ಬರುತ್ತಿತ್ತು. ಸಂಜೆ ಕೈಕಾಲು ತೊಳೆದು ದೀಪದ ಮುಂದೆ ಕೂತರೆ ವಾರ, ತಿಂಗಳು, ತಿಥಿ, 27 ನಕ್ಷತ್ರ, 60 ಸಂವತ್ಸರ, ಮಗ್ಗಿ, ಇವುಗಳ ಸಾಲಿನಲ್ಲೇ ಒಂದೆರಡು ಶ್ಲೋಕ. ಎಲ್ಲಕ್ಕೂ ಒಂದೇ ಹೆಸರು, ಬಾಯಿಪಾಠ. ಈಗ ಎಳೆಯ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಬೇರೆ. ಯಾವ ಮಂತ್ರದಿಂದ ಶುರು ಮಾಡಬೇಕು, ಯಾವ ಆ್ಯಪ್ ಒಳ್ಳೆಯದು, ಏಕಾಗ್ರತೆಗೆ ಯಾವುದು, ನೆನಪಿನ ಶಕ್ತಿಗೆ ಯಾವುದು. ‘ಮನೆಯಲ್ಲಿ ಹೇಳುವವರು ಯಾರು’ ಎಂಬ ಮೊದಲ ಪ್ರಶ್ನೆಯನ್ನೇ ಬಿಟ್ಟು ಉಳಿದದ್ದನ್ನೆಲ್ಲ ಕೇಳಿದ ಹಾಗಾಯಿತು.

ಮಂತ್ರ ಎಂಬ ಮಾತನ್ನು ನಾವು ಸಡಿಲವಾಗಿ ಬಳಸುತ್ತೇವೆ. ವೇದಮಂತ್ರ ಬೇರೆ, ಶ್ಲೋಕ, ಸ್ತೋತ್ರ, ನಾಮಸ್ಮರಣೆ ಬೇರೆ. ವೇದಮಂತ್ರಕ್ಕೆ ಉದಾತ್ತ, ಅನುದಾತ್ತ, ಸ್ವರಿತ ಎಂಬ ಸ್ವರಗಳಿವೆ. ಪುಸ್ತಕದಲ್ಲಿ ಅಕ್ಷರದ ಕೆಳಗೊಂದು ಅಡ್ಡಗೆರೆ, ಮೇಲೊಂದು ನಿಂತ ಗೆರೆ ಕಾಣುತ್ತದಲ್ಲ, ಅದೇ. ಗಾಯತ್ರಿ ಮಂತ್ರವನ್ನೇ ತೆಗೆದುಕೊಳ್ಳಿ. ಅದು ಋಗ್ವೇದದ ಮೂರನೇ ಮಂಡಲದ 62ನೇ ಸೂಕ್ತದಲ್ಲಿದೆ, ಋಷಿ ವಿಶ್ವಾಮಿತ್ರ, ಎಂಟೆಂಟು ಅಕ್ಷರದ ಮೂರು ಪಾದ. ಕ್ಯಾಸೆಟ್ಟಿನ ಕಾಲದಿಂದ ಅದನ್ನು ನೂರಾರು ರಾಗಗಳಲ್ಲಿ ಹಾಡಿದ್ದಾರೆ. ಪಾಠಶಾಲೆಯಲ್ಲಿ ಕಲಿಸುವ ಸ್ವರಕ್ಕೂ ಈ ರಾಗಗಳಿಗೂ ಸಂಬಂಧವಿಲ್ಲ. ರುದ್ರ, ಪುರುಷಸೂಕ್ತ ಮುಂತಾದವನ್ನು ಸ್ವರಸಹಿತ ಕಲಿಯಬೇಕೆಂದಿದ್ದರೆ ಬಲ್ಲವರ ಎದುರು ಕೂತೇ ಕಲಿಯಬೇಕು. ಅದಕ್ಕೆ ಅವಸರವೂ ಇಲ್ಲ. ಉಪನಯನದ ಪದ್ಧತಿ ಇರುವ ಮನೆಗಳಲ್ಲಿ ಕೂಡ ಶಾಸ್ತ್ರ ಹೇಳುವುದು ಎಂಟನೇ ವರ್ಷದ ಲೆಕ್ಕ. ಮೂರು ನಾಲ್ಕು ವರ್ಷದ ಮಗುವಿಗೆ ಒಂದು ಹೆಸರು, ಎರಡು ಸಾಲಿನ ಒಂದು ಶ್ಲೋಕ ಧಾರಾಳವಾಯಿತು.

ಸ್ವರ ತಪ್ಪಿದರೆ ಅನರ್ಥವಾಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಇಂದ್ರನನ್ನು ಕೊಲ್ಲಲೆಂದು ತ್ವಷ್ಟೃ ಹೋಮ ಮಾಡಿದ, ಸ್ವರ ತಪ್ಪಿ ಹೇಳಿದ್ದರಿಂದ ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ ಎಂಬ ಕಥೆಯನ್ನು ಉದಾಹರಿಸುತ್ತಾರೆ. ಆ ಕಥೆ ಯಜ್ಞದಲ್ಲಿ ಮಂತ್ರ ಹೇಳುವ ವಿದ್ವಾಂಸರಿಗೆ ಸಂಬಂಧಿಸಿದ್ದು. ದೀಪದ ಮುಂದೆ ತೊದಲುವ ಮಗುವಿಗೆ ಅದನ್ನು ಅನ್ವಯಿಸುವುದು ಅತಿಯಾಯಿತು.

ಮಂತ್ರ ಕಿವಿಯ ಮೂಲಕವೇ ಬರಬೇಕು ಎಂಬ ವಿಷಯದಲ್ಲಿ ಮಾತ್ರ ನಮ್ಮ ಪರಂಪರೆಗಳೆಲ್ಲ ಒಂದೇ ದಾರಿ ಹಿಡಿದಿವೆ. ಬ್ರಹ್ಮೋಪದೇಶದಲ್ಲಿ ಅಪ್ಪ ವಸ್ತ್ರದ ಮರೆಯಲ್ಲಿ ಮಗನ ಕಿವಿಯಲ್ಲಿ ಹೇಳುತ್ತಾನೆ. ಲಿಂಗಾಯತ ದೀಕ್ಷೆಯಲ್ಲಿ ಗುರು ಕಿವಿಯಲ್ಲಿ ಷಡಕ್ಷರಿ ಹೇಳುವುದಕ್ಕೆ ಮಂತ್ರದೀಕ್ಷೆ ಎಂದೇ ಹೆಸರು. ಜೈನರ ಮನೆಯ ಮಗು ಪ್ರಾಕೃತದ ಪಂಚನಮಸ್ಕಾರ ಮಂತ್ರವನ್ನು ಓದು ಬರಹಕ್ಕೆ ಮೊದಲೇ ಕಲಿತಿರುತ್ತದೆ. ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಐವರಿಗೆ ನಮಸ್ಕಾರ ಬಿಟ್ಟರೆ ಅದರಲ್ಲಿ ತನಗೆ ಇಂಥದ್ದು ಕೊಡು ಎಂಬ ಬೇಡಿಕೆಯೇ ಇಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ತೇರ್ಸ್ ನಡೆಯುವಾಗ ಮಕ್ಕಳು ಅಮ್ಮನ ಮಡಿಲಲ್ಲಿ ತೂಕಡಿಸುತ್ತಲೇ ಜಪಸರದ ಪ್ರಾರ್ಥನೆ ಕಲಿಯುತ್ತಾರೆ.

ಕಿವಿಯಿಂದ ಬಾಯಿಗೆ ದಾಟಿಸುವ ಕೆಲಸಕ್ಕೆ ವೇದಪಾಠಶಾಲೆಗಳಲ್ಲಿ ‘ಸಂಥೆ’ ಎನ್ನುತ್ತಾರೆ. ಕ್ರಮ ತೀರಾ ಸರಳ. ಗುರು ಒಂದು ತುಂಡು ಒಂದು ಸಲ ಹೇಳುತ್ತಾರೆ, ಶಿಷ್ಯರು ಅದನ್ನೇ ಎರಡು ಸಲ ಹೇಳುತ್ತಾರೆ. ಮುಂದಿನ ತುಂಡು. ತುಂಡುಗಳು ಸೇರಿ ಅರ್ಧ ಶ್ಲೋಕ, ಅರ್ಧಗಳು ಸೇರಿ ಪೂರ್ತಿ. ಆಮೇಲೆ ದಿನವೂ ಆವರ್ತನೆ. ಋಗ್ವೇದದ 1028 ಸೂಕ್ತಗಳು ಸಾವಿರಾರು ವರ್ಷ ಕಾಗದ ಲೇಖನಿಗಳ ಹಂಗಿಲ್ಲದೆ ದಾಟಿ ಬಂದದ್ದು ಈ ದೋಣಿಯಲ್ಲೇ. ಯುನೆಸ್ಕೊ 2003ರಲ್ಲಿ ವೇದಪಠಣ ಪರಂಪರೆಯನ್ನು ಮನುಕುಲದ ಮೌಖಿಕ ಪರಂಪರೆಯ ಮೇರುಕೃತಿಯೆಂದು ಘೋಷಿಸಿತು, 2008ರಲ್ಲಿ ತನ್ನ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿಕೊಂಡಿತು.

ಅಕ್ಷರ ಕಳೆದುಹೋಗದಂತೆ ಪಂಡಿತರು ಹೂಡಿದ ಉಪಾಯಗಳಲ್ಲಿ ಜಟಾಪಾಠ ಒಂದು. ಎರಡೆರಡು ಪದಗಳನ್ನು ಮುಂದೆ, ಹಿಂದೆ, ಮತ್ತೆ ಮುಂದೆ ಹೇಳುತ್ತಾ ಹೋಗುವುದು. ಮಕ್ಕಳ ಜತೆ ಇದನ್ನು ಅಡುಗೆಮನೆಯ ಪದಗಳಿಂದಲೇ ಆಡಬಹುದು: ಅಕ್ಕಿ ಬೇಳೆ, ಬೇಳೆ ಅಕ್ಕಿ, ಅಕ್ಕಿ ಬೇಳೆ, ಬೇಳೆ ಬೆಲ್ಲ, ಬೆಲ್ಲ ಬೇಳೆ, ಬೇಳೆ ಬೆಲ್ಲ, ಬೆಲ್ಲ ತುಪ್ಪ, ತುಪ್ಪ ಬೆಲ್ಲ, ಬೆಲ್ಲ ತುಪ್ಪ. ಐದಾರು ವರ್ಷದ ಮಕ್ಕಳು ಇದಕ್ಕೆ ಬಿದ್ದು ಬಿದ್ದು ನಗುತ್ತಾರೆ, ತಪ್ಪಿದವರನ್ನು ಹಿಡಿಯುತ್ತಾರೆ. ದೊಡ್ಡವರೇ ಮೊದಲು ತಪ್ಪುವುದು.

ಮನೆಯಲ್ಲಿ ಸಂಥೆಯನ್ನು ಇನ್ನಷ್ಟು ಸಣ್ಣದು ಮಾಡಿಕೊಳ್ಳಬೇಕು. ಅನುಷ್ಟುಪ್ ಛಂದಸ್ಸಿನ ಒಂದು ಪಾದಕ್ಕೆ ಎಂಟು ಅಕ್ಷರ. ಮೂರು ವರ್ಷದ ಮಗುವಿಗೆ ಅದೂ ಉದ್ದ. ಹಾಗಾಗಿ ಬಾಲದಿಂದ ಶುರು ಮಾಡುವುದು ಒಳ್ಳೆಯದು. ವಕ್ರತುಂಡ ಶ್ಲೋಕವನ್ನು ನೀವು ಪೂರ್ತಿ ಹೇಳಿ, ಕೊನೆಯ ‘ಸರ್ವದಾ’ ಬಂದಾಗ ನಿಲ್ಲಿಸಿ ಮಗುವಿನ ಮುಖ ನೋಡಿ. ಕೆಲವು ದಿನ ಅದು ಸುಮ್ಮನೆ ನೋಡುತ್ತದೆ. ಆಮೇಲೊಂದು ದಿನ ‘ದಾ’ ಎನ್ನುತ್ತದೆ. ಅಲ್ಲಿಗೆ ಬೇರು ಹಿಡಿಯಿತೆಂದು ಅರ್ಥ. ‘ದಾ’ ‘ಸವದಾ’ ಆಗಿ, ‘ಸರ್ವದಾ’ ಆಗಿ, ಹಿಂದಿನ ಪದಗಳು ಒಂದೊಂದಾಗಿ ಬಂದು ಸೇರುತ್ತವೆ. ಮೊದಲಿಂದ ಹೇಳು, ಇನ್ನೊಂದ್ಸಲ ಹೇಳು, ಸರಿಯಾಗಿ ಹೇಳು ಎಂದು ಬೆನ್ನು ಹತ್ತಿದರೆ ಮಗು ಆಟಿಕೆಯ ಕಡೆ ಹೊರಟುಬಿಡುತ್ತದೆ. ಹೋಗಲಿ ಬಿಡಿ. ಆಟಿಕೆ ಉರುಳಿಸುತ್ತಾ ಕಿವಿ ಇಲ್ಲೇ ಇಟ್ಟಿರುತ್ತದೆ.

ಉಚ್ಚಾರಣೆಯದು ಕನ್ನಡದ ಮಕ್ಕಳಿಗೆ ವಿಶೇಷ ಪ್ರಕರಣ. ಪ, ಬ, ಮ, ತ ಎಳೆಯ ಬಾಯಿಗೆ ಬೇಗ ಬರುತ್ತವೆ. ರ, ಶ, ಷ ಮತ್ತು ಒತ್ತಕ್ಷರಗಳ ಗೊಂಚಲು ತಡವಾಗಿ, ಐದಾರು ವರ್ಷ ತುಂಬುವಾಗ ಕೂರುತ್ತವೆ. ಅಲ್ಲಿಯತನಕ ರಾಮ ‘ಲಾಮ’, ಶಿವ ‘ತಿವ’, ಕೃಷ್ಣ ‘ಕಿಟ್ಟ’. ಇದನ್ನು ತಿದ್ದಬೇಕಾಗಿಲ್ಲ. ‘ಲಾಮ ಅಲ್ಲ, ರಾಮ’ ಎನ್ನುವ ಬದಲು ಮುಂದಿನ ಸಲ ನೀವು ರಾಮ ಎಂದು ಸ್ಪಷ್ಟವಾಗಿ ಹೇಳಿದರೆ ಸಾಕು. ನಾಲಿಗೆ ಬಲಿತಾಗ ಕಿವಿಯಲ್ಲಿರುವುದು ಬಾಯಿಗೆ ಬರುತ್ತದೆ. ನಿಜವಾಗಿ ತಿದ್ದಿಕೊಳ್ಳಬೇಕಾದವರು ನಾವು. ಆಡುಮಾತಿನಲ್ಲಿ ನಮ್ಮಲ್ಲಿ ಬಹಳ ಮಂದಿಗೆ ಮಹಾಪ್ರಾಣವೇ ಇಲ್ಲ. ದೂಪ, ಬಾರತ, ದನವಂತ ಎಂದುಕೊಂಡೇ ಬದುಕು ಸಾಗಿಸುತ್ತೇವೆ. ಹಳೇ ಮೈಸೂರಿನ ಕಡೆ ಹಕಾರ ಅಕಾರಗಳು ಮನೆ ಬದಲಿಸಿಕೊಳ್ಳುತ್ತವೆ. ಬ್ರಹ್ಮ ಎಲ್ಲರ ಬಾಯಲ್ಲೂ ‘ಬ್ರಮ್ಹ’. ಮಗು ಇದನ್ನೆಲ್ಲ ನಮ್ಮಿಂದಲೇ ಪಡೆಯುತ್ತದೆ, ಆಮೇಲೆ ಶಾಲೆಯಲ್ಲಿ ಕಾಗುಣಿತ ತಪ್ಪಿದರೆ ಬೈಸಿಕೊಳ್ಳುತ್ತದೆ.

ಶ್ಲೋಕ ಹೇಳುವ ಹತ್ತು ನಿಮಿಷ ಕನ್ನಡದ ಮಗು ಖ, ಘ, ಧ, ಭಗಳನ್ನು ಬಾಯಿತುಂಬ ಹೇಳಲು ಸಿಗುವ ಅಪರೂಪದ ಹೊತ್ತು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಕ, ಖ ಎಂದು ಹೇಳಿಸಿ ನೋಡಿ. ಖ ಎಂದಾಗ ಅಂಗೈಗೆ ಗಾಳಿ ಬಡಿಯುತ್ತದೆ, ಕ ಎಂದಾಗ ಇಲ್ಲವೆನ್ನುವಷ್ಟು ಕಡಿಮೆ. ಮಕ್ಕಳಿಗೆ ಇದು ಜಾದೂ. ವಿಸರ್ಗವನ್ನೂ ಹೀಗೆಯೇ ತೋರಿಸಬಹುದು: ಅದು ಹಿಂದಿನ ಸ್ವರವನ್ನು ಮೆಲ್ಲಗೆ ಮಾರ್ದನಿಸುತ್ತದೆ. ‘ನಮಃ’ ಎಂದಾಗ ಕೊನೆಗೆ ಅಕಾರದ ಉಸಿರು, ‘ಹರಿಃ’ ಎಂದಾಗ ಇಕಾರದ ಉಸಿರು. ಜ್ಞಕಾರವನ್ನು ಮಾತ್ರ ಬಿಟ್ಟುಬಿಡಿ. ಕರ್ನಾಟಕದಲ್ಲಿ ಅದಕ್ಕೆ ತನ್ನದೇ ಉಚ್ಚಾರ ನೆಲೆ ನಿಂತಿದೆ, ಅಜ್ಜಿಯಂತೆ ಹೇಳಿದರೆ ತಪ್ಪಿಲ್ಲ.

ಉಚ್ಚಾರಣೆಗೆಂದೇ ಇರುವ ಪಾಣಿನೀಯ ಶಿಕ್ಷೆ ಎಂಬ ಪುಟ್ಟ ಗ್ರಂಥದಲ್ಲಿ ಒಂದು ಉಪಮೆ ಇದೆ. ಹೆಣ್ಣುಹುಲಿ ಮರಿಯನ್ನು ಹಲ್ಲಿನಲ್ಲಿ ಕಚ್ಚಿ ಒಯ್ಯುವಾಗ ಬೀಳದಂತೆ ಹಿಡಿಯುತ್ತದೆ, ನೋಯದಂತೆಯೂ ಹಿಡಿಯುತ್ತದೆ. ಅಕ್ಷರಗಳನ್ನು ಹಾಗೆ ಉಚ್ಚರಿಸಬೇಕಂತೆ. ಅದೇ ಗ್ರಂಥ ಕೆಟ್ಟ ಪಾಠಕರ ಆರು ಬಗೆಗಳನ್ನೂ ಹೆಸರಿಸುತ್ತದೆ: ರಾಗ ಎಳೆಯುವವನು, ಓಡಿಸುವವನು, ತಲೆ ಅಲ್ಲಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ದನಿ ಸಾಲದವನು. ಕ್ಯಾಮೆರಾ ಮುಂದೆ ತಲೆ ತೂಗಿಸುತ್ತಾ, ಫೋನಿನ ಪರದೆ ನೋಡಿಕೊಂಡು, ಒಂದೇ ಉಸಿರಿಗೆ ಒದರುವ ಈಗಿನ ಎಷ್ಟೋ ವಿಡಿಯೊಗಳನ್ನು ನೋಡುವಾಗ ಈ ಪಟ್ಟಿ ನೆನಪಾಗಿ ನಗು ಬರುತ್ತದೆ. ಆರಕ್ಕೆ ಮೂರಂತೂ ಅಲ್ಲೇ ಸಿಗುತ್ತವೆ. ತಪ್ಪು ಆ ಮಕ್ಕಳದ್ದಲ್ಲ, ಕ್ಯಾಮೆರಾ ಹಿಡಿದವರದ್ದು.

ಅರ್ಥ ತಿಳಿಯದೆ ಹೇಳಿಸಬಹುದೆ? ಈ ಜಗಳ ಬಹಳ ಹಳೆಯದು. ಯಾಸ್ಕನ ನಿರುಕ್ತದಲ್ಲಿ ಕೌತ್ಸ ಎಂಬವನ ವಾದ ಬರುತ್ತದೆ. ಮಂತ್ರಗಳಿಗೆ ಅರ್ಥವೇ ಇಲ್ಲ ಎಂದು ಅವನು ಹೇಳುತ್ತಾನೆ. ಯಾಸ್ಕ ಅದನ್ನು ಖಂಡಿಸುತ್ತಾನೆ, ಅರ್ಥ ತಿಳಿಯದೆ ವೇದ ಓದಿದವನು ಹೊರೆ ಹೊತ್ತು ನಿಂತ ಕಂಬ ಎಂದು ಗದರುತ್ತಾನೆ. ವಿದ್ವಾಂಸರಿಗೆ ಯಾಸ್ಕ ಹೇಳಿದ್ದು ಸರಿ. ಮೂರು ವರ್ಷದ ಮಗುವಿನ ವಿಷಯದಲ್ಲಿ ನನ್ನ ಒಲವು ಸ್ವಲ್ಪ ಕೌತ್ಸನ ಕಡೆಗೆ. ಆ ವಯಸ್ಸಿನಲ್ಲಿ ಭಾಷೆಯೆಲ್ಲ ಹಾಗೇ ಬರುವುದು, ಮೊದಲು ಸದ್ದು, ಆಮೇಲೆ ಅರ್ಥ. ಲಾಲಿಹಾಡು ಅರ್ಥ ತಿಳಿದು ಯಾರೂ ಮಲಗಿದ್ದಿಲ್ಲ. ಆದರೆ ಪ್ರಶ್ನೆ ಬಂದ ದಿನ ಉತ್ತರ ಕೊಡಲೇಬೇಕು. ‘ಅದೆಲ್ಲ ನಿನಗೆ ಈಗ ತಿಳಿಯಲ್ಲ’ ಎಂದರೆ ಮಗು ಎರಡನೇ ಸಲ ಕೇಳುವುದಿಲ್ಲ.

ಶಿವಮೊಗ್ಗದಲ್ಲಿ ನನಗೆ ಪರಿಚಯದ ಒಂದು ಮನೆಯಲ್ಲಿ ಅಜ್ಜಿ ಮೊಮ್ಮಗಳಿಗೆ ಸ್ನಾನ ಮಾಡಿಸುವಾಗ ಚೊಂಬಿನಲ್ಲಿ ನೀರು ಹೊಯ್ಯುತ್ತಾ ಏಳು ನದಿಗಳ ಶ್ಲೋಕ ಹೇಳುತ್ತಾರೆ. ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ. ಮಗುವಿಗೆ ಐದು ವರ್ಷ. ಒಂದು ದಿನ ಮೈಗೆಲ್ಲ ಸೋಪಿನ ನೊರೆ ಇರುವಾಗಲೇ ಕೈ ತಡೆದು ಕೇಳಿತಂತೆ:

“ಅಜ್ಜಿ, ನಮ್ಮ ತುಂಗಾ ಯಾಕಿಲ್ಲ ಇದ್ರಲ್ಲಿ?”

“ಶ್ಲೋಕ ಮಾಡಿದೋರು ಈ ಕಡೆ ಬಂದಿರ್ಲಿಲ್ಲ ಅಂತ ಕಾಣತ್ತೆ ಪುಟ್ಟಿ.”

“ನಲ್ಲೀಲಿ ಬರೋದು ತುಂಗಾನೇ ಅಲ್ವಾ?”

“ಹೌದಲ್ಲ! ಹಾಗಾದ್ರೆ ಕೊನೇ ಚೊಂಬು ತುಂಗಮ್ಮಂಗೆ.”

ಅಂದಿನಿಂದ ಆ ಮನೆಯಲ್ಲಿ ಶ್ಲೋಕ ಮುಗಿದ ಮೇಲೆ ತುಂಗೆಯ ಹೆಸರಿನಲ್ಲಿ ಒಂದು ಚೊಂಬು ನೀರು ಹೆಚ್ಚಿಗೆ ಖರ್ಚಾಗುತ್ತದೆ. ಶ್ಲೋಕಕ್ಕೆ ಕೈ ಹಚ್ಚಿಲ್ಲ, ಮಗುವಿನ ಪ್ರಶ್ನೆಯನ್ನೂ ತಳ್ಳಿಹಾಕಿಲ್ಲ. ನೀರು ಎಲ್ಲಿಂದ ಬರುತ್ತದೆ, ನದಿ ಎಲ್ಲಿ ಹುಟ್ಟುತ್ತದೆ ಎಂಬ ಮಾತಿಗೆ ಬಚ್ಚಲುಮನೆಯಲ್ಲೇ ದಾರಿಯಾಯಿತು. ಅರ್ಥ ಹೇಳಿಕೊಡುವುದೆಂದರೆ ಪ್ರತಿಪದಾರ್ಥ ಬಾಯಿಪಾಠ ಮಾಡಿಸುವುದೆಂದು ತಿಳಿದವರು ಈ ಅಜ್ಜಿಯನ್ನು ಒಮ್ಮೆ ನೋಡಬೇಕು.

ಇನ್ನು ಲಾಭದ ಲೆಕ್ಕ. ಗಾಯತ್ರಿ ಮಂತ್ರ ಸೆಕೆಂಡಿಗೆ 1,10,000 ಧ್ವನಿತರಂಗ ಹೊಮ್ಮಿಸುತ್ತದೆ ಎಂದು ಅಮೆರಿಕದ ವಿಜ್ಞಾನಿಯೊಬ್ಬರು ಕಂಡುಹಿಡಿದರಂತೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಮನುಷ್ಯರ ಕಿವಿಗೆ ಕೇಳುವುದೇ ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನದವರೆಗೆ. ಮಗುವಿನ ದನಿಯ ಮೂಲ ಕಂಪನ ಸುಮಾರು 300ರ ಆಸುಪಾಸು. ಗಂಟಲು ಮಾಡಲಾಗದ, ಕಿವಿ ಕೇಳಲಾಗದ ಸದ್ದಿನಿಂದ ಮಂತ್ರಕ್ಕೆ ಯಾವ ಗೌರವ ಬರುತ್ತದೋ ದೇವರೇ ಬಲ್ಲ.

ನಿಜವಾದ ಅಧ್ಯಯನಗಳೂ ಇವೆ, ಅವು ಹೇಳುವುದು ಕಡಿಮೆ, ಆದರೆ ಕುತೂಹಲದ್ದು. 2001ರಲ್ಲಿ ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಪ್ರಕಟಿಸಿದರು. 23 ಮಂದಿ ವಯಸ್ಕರಿಂದ ಒಮ್ಮೆ ಲ್ಯಾಟಿನ್ ಭಾಷೆಯ ಜಪಸರದ ಪ್ರಾರ್ಥನೆ, ಒಮ್ಮೆ ಬೌದ್ಧರ ಮಣಿಮಂತ್ರ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಲಯವೂ ಅದಕ್ಕೆ ಹೊಂದಿಕೊಂಡಿತು. ಮಂಗಳೂರಿನ ತೇರ್ಸ್‌ಗೂ ಬೈಲುಕುಪ್ಪೆಯ ಟಿಬೆಟನ್ ಮಂತ್ರಕ್ಕೂ ಉಸಿರಿನ ಮಟ್ಟದಲ್ಲಿ ನೆಂಟಸ್ತನ! ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಸಣ್ಣ ಪ್ರಾಯೋಗಿಕ ಅಧ್ಯಯನದಲ್ಲಿ, ಸುಮ್ಮನೆ ‘ಸ್ಸ್‌’ ಎನ್ನುವಾಗ ಕಾಣದ ಬದಲಾವಣೆ ಓಂಕಾರ ಹೇಳುವಾಗ ಕಂಡಿತು. ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳ ಚಟುವಟಿಕೆ ತಗ್ಗಿತ್ತು. ಅಲ್ಲಿದ್ದವರೂ ವಯಸ್ಕರು. 2016ರಲ್ಲಿ ನ್ಯೂರೋಇಮೇಜ್ ಪತ್ರಿಕೆಯಲ್ಲಿ ಬಂದ ಅಧ್ಯಯನ 21 ವೇದಪಂಡಿತರ ಮಿದುಳಿನ ಸ್ಕ್ಯಾನ್ ಮಾಡಿ, ನೆನಪು ಮತ್ತು ಭಾಷೆಗೆ ಸಂಬಂಧಿಸಿದ ಕೆಲವು ಭಾಗಗಳು ಇತರರಿಗಿಂತ ದೊಡ್ಡದಾಗಿವೆ ಎಂದು ತೋರಿಸಿತು. ಆದರೆ ಅವರು ದಿನಕ್ಕೆ ಗಂಟೆಗಟ್ಟಲೆ, ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಮಂತ್ರದಿಂದಲೇ ಹಾಗಾಯಿತೋ, ಅಂಥ ನೆನಪುಳ್ಳವರೇ ಆ ದಾರಿ ಹಿಡಿದರೋ ಎಂಬುದು ಒಂದು ಸ್ಕ್ಯಾನ್‌ನಿಂದ ತಿಳಿಯದು. ದಿನಕ್ಕೆ ಐದು ನಿಮಿಷ ಶ್ಲೋಕ ಹೇಳುವ ಮಗು ಗಣಿತದಲ್ಲಿ ಮುಂದೆ ಬರುತ್ತದೆ ಎಂದು ಇವುಗಳಲ್ಲಿ ಯಾವುದೂ ಹೇಳಿಲ್ಲ.

ಉಸಿರಿನ ವಿಷಯದಲ್ಲೂ ಎಚ್ಚರ ಬೇಕು. ನಾಲ್ಕು ವರ್ಷದ ಮಗು ಸಹಜವಾಗಿ ನಿಮಿಷಕ್ಕೆ 20ಕ್ಕಿಂತ ಹೆಚ್ಚು ಸಲ ಉಸಿರಾಡುತ್ತದೆ. ದೊಡ್ಡವರ ಉಸಿರಿನ ಉದ್ದಕ್ಕೆ ಅದನ್ನು ಎಳೆಯಬಾರದು. ಅರ್ಧ ಸಾಲಿಗೆ ಉಸಿರು ತೆಗೆದುಕೊಂಡರೆ ತೆಗೆದುಕೊಳ್ಳಲಿ. ಮಾತು ತಡವಾದ ಮಕ್ಕಳಿಗೆ ಮಂತ್ರವನ್ನು ಔಷಧಿಯ ಹಾಗೆ ಕೊಡುವುದಂತೂ ಬೇಡವೇ ಬೇಡ. ತೊದಲುವ ಮಕ್ಕಳು ಎಲ್ಲರ ಜತೆ ದನಿಗೂಡಿಸಿ ಹೇಳುವಾಗ ಸರಾಗವಾಗಿ ಹೇಳುತ್ತಾರೆ, ಇದು ವಾಕ್ ತಜ್ಞರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅದನ್ನು ನೋಡಿ ತೊದಲು ವಾಸಿಯಾಯಿತೆಂದು ತಿಳಿಯಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಮಕ್ಕಳಿಗಾಗಿ. ನಾಲಿಗೆಗೆ ಬಜೆ ತೇಯ್ದು ನೆಕ್ಕಿಸುತ್ತಾ, ಶ್ಲೋಕ ಹೇಳಿಸುತ್ತಾ ವರ್ಷ ಕಳೆಯುವ ಬದಲು ಮೊದಲು ಕಿವಿ ಸರಿಯಾಗಿ ಕೇಳಿಸುತ್ತಿದೆಯೇ ಎಂದು ತೋರಿಸಬೇಕು.

ಹಾಗಾದರೆ ಮನೆಯಲ್ಲಿ ಸ್ಪೀಕರ್ ಹಾಕಿದರೆ ಸಾಲದೆ? ಈ ಪ್ರಶ್ನೆಗೆ ಉತ್ತರಿಸುವಾಗ ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ ಕೈಮುಗಿದು ಮುಂದುವರಿಯಬೇಕು. 1963ರಲ್ಲಿ ಅವರ ವೆಂಕಟೇಶ ಸುಪ್ರಭಾತದ ಧ್ವನಿಮುದ್ರಿಕೆ ಬಂದ ಮೇಲೆ ರೇಡಿಯೊದಿಂದ, ದೇವಸ್ಥಾನದ ಮೈಕಿನಿಂದ ಕೇಳಿ ಕೇಳಿ ಅದನ್ನು ಕಂಠಪಾಠ ಮಾಡಿಕೊಂಡ ಕನ್ನಡ ಮಕ್ಕಳಿಗೆ ಲೆಕ್ಕವಿಲ್ಲ. ಅಂದಹಾಗೆ, ಅದರ ಮೊದಲ ಶ್ಲೋಕ ವಾಲ್ಮೀಕಿ ರಾಮಾಯಣದ ಬಾಲಕಾಂಡದ್ದು. ವಿಶ್ವಾಮಿತ್ರರು ಬಾಲಕ ರಾಮನನ್ನು ಬೆಳಗಿನ ಕೆಲಸಕ್ಕೆ ಎಬ್ಬಿಸುವ ಮಾತು ಅದು. ಹೊತ್ತಾಯಿತು ಏಳು ಮಗಾ ಎಂದು ಹಿರಿಯರೊಬ್ಬರು ಕರೆದದ್ದು ದಕ್ಷಿಣ ಭಾರತಕ್ಕೇ ಬೆಳಗಿನ ಗಡಿಯಾರವಾಯಿತು.

ಧ್ವನಿಮುದ್ರಣ ಕಿವಿಗೆ ಒಳ್ಳೆಯ ಮಾದರಿ ಕೊಡಬಲ್ಲದು. ಆದರೆ ಅದು ಮಗುವಿಗಾಗಿ ನಿಲ್ಲುವುದಿಲ್ಲ, ‘ದಾ’ ಎಂದದ್ದನ್ನು ಕೇಳಿಸಿಕೊಂಡು ನಗುವುದಿಲ್ಲ, ತುಂಗೆಯ ಪ್ರಶ್ನೆಗೆ ಉತ್ತರಿಸುವುದಿಲ್ಲ. ಈಗಿನ ಮಗು ಬೇರೆ ದಿನವಿಡೀ ಸದ್ದಿನ ನಡುವೆಯೇ ಇರುತ್ತದೆ. ಸ್ಪೀಕರಿನ ಶ್ಲೋಕ ಅದಕ್ಕೆ ಮಿಕ್ಸಿಯ ಸದ್ದಿನ ಸಾಲಿಗೇ ಸೇರಿಬಿಡಬಹುದು. ಅಮ್ಮನ ದನಿ ಸೇರುವುದಿಲ್ಲ, ಅದು ಎಷ್ಟೇ ಅಪಸ್ವರವಾಗಿದ್ದರೂ. ‘ನನಗೆ ರಾಗ ಬರಲ್ಲ’ ಎನ್ನುವವರಿಗೆ ಪಾಣಿನೀಯ ಶಿಕ್ಷೆಯ ಪಟ್ಟಿಯನ್ನು ಮತ್ತೆ ನೆನಪಿಸುತ್ತೇನೆ. ರಾಗ ಎಳೆಯುವುದು ಅಲ್ಲಿ ದೋಷ.

ಕೆಲವು ಕೆಲಸಗಳನ್ನು ಮಾಡದಿದ್ದರೇ ಮಂತ್ರ ಮಗುವಿನಲ್ಲಿ ಉಳಿಯುತ್ತದೆ. ನೆಂಟರು ಬಂದಾಗ ‘ಅಂಕಲ್‌ಗೆ ಹೇಳಿ ತೋರಿಸು ಪುಟ್ಟಾ’ ಎಂದು ಒತ್ತಾಯಿಸುವುದು ಅವುಗಳಲ್ಲಿ ಮೊದಲನೆಯದು. ಮಗು ಸೆರಗಿನ ಹಿಂದೆ ಅಡಗುತ್ತದೆ, ಅಮ್ಮನಿಗೆ ಅವಮಾನ, ನೆಂಟರು ಹೋದ ಮೇಲೆ ಬೈಗುಳ. ಮೊನ್ನೆಯವರೆಗೆ ಖುಷಿಯಾಗಿದ್ದ ಶ್ಲೋಕ ಅಂದಿನಿಂದ ಪರೀಕ್ಷೆ. ಸ್ಪರ್ಧೆಗಳ ಬಗ್ಗೆಯೂ ನನಗೆ ಅನುಮಾನವೇ. ಏಳೆಂಟು ವರ್ಷದವರಿಗೆ ಗೀತೆಯ 20 ಶ್ಲೋಕಗಳ ಹದಿನೈದನೇ ಅಧ್ಯಾಯ ಕಲಿಯಲು ಒಂದು ನೆಪ ಬೇಕಾದರೆ ಸರಿ, ಅದಕ್ಕಿಂತ ಸಣ್ಣವರಿಗೆ ಬಹುಮಾನದ ಆಸೆ ಹಚ್ಚುವುದೇಕೆ? ಎರಡನೆಯದು ಹೆದರಿಕೆ. ‘ಶ್ಲೋಕ ಹೇಳದಿದ್ರೆ ಸಾಮಿ ಕಣ್ಣು ಕುಕ್ಕುತ್ತೆ’ ಎಂಬ ಮಾತಿಗೆ ಮಗು ಆ ಕ್ಷಣ ಬಗ್ಗಬಹುದು. ಗುಡುಗಿನ ಹೆದರಿಕೆಯಿಂದ ಹೊರಬರಲು ಸಿಕ್ಕ ಹೆಸರುಗಳನ್ನೇ ಹೆದರಿಕೆಯ ಸರಕಾಗಿಸಿದಂತೆ ಆಯಿತು ಅದು.

ಹುಡುಗಿಯರಿಗೆ ಇದು ಬೇಡ, ಇಂಥ ಜಾತಿಯವರಿಗೆ ಅದು ಸಲ್ಲದು ಎನ್ನುವವರು ಇಂದಿಗೂ ಸಿಗುತ್ತಾರೆ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರ ಬಗ್ಗೆ, ಗುರು ಗುಟ್ಟಾಗಿ ಕೊಟ್ಟ ಮಂತ್ರವನ್ನು ಅವರು ತಿರುಕೋಷ್ಟಿಯೂರಿನ ಗೋಪುರ ಹತ್ತಿ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದರು ಎಂಬ ಕಥೆ ಪ್ರಸಿದ್ಧವಾಗಿದೆ. ಹೆಚ್ಚಿನ ವಾದ ಬೇಕಿಲ್ಲ, ಆ ಕಥೆ ಹೇಳಿ ಸುಮ್ಮನಾಗಬಹುದು.

ಹೊರದೇಶಗಳಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಿಮ್ಮ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಶ್ಲೋಕ ಓದುವಾಗ ಹ್ರಸ್ವ ದೀರ್ಘಗಳು ಕಲಸಿಹೋಗುತ್ತವೆ. ರಾಮ ‘ರಾಮಾ’ ಆಗುತ್ತಾನೆ, ತ ಮತ್ತು ಟ ಒಂದೇ ಆಗುತ್ತವೆ. ಅದಕ್ಕೆ ಪರಿಹಾರ ಅಕ್ಷರದಲ್ಲಿಲ್ಲ. ಊರಿನಲ್ಲಿರುವ ಅಜ್ಜ ಅಜ್ಜಿ ವಿಡಿಯೊ ಕರೆಯಲ್ಲಿ ಎರಡು ಸಾಲು ಸಂಥೆ ಹೇಳಿಕೊಟ್ಟರೆ ಸಾಕು. ಇಬ್ಬರ ದನಿಯೂ ಒಟ್ಟಿಗೆ ಬಂದರೆ ಫೋನು ಎಡವುತ್ತದೆ, ಹಾಗಾಗಿ ಒಬ್ಬರಾದ ಮೇಲೆ ಒಬ್ಬರು ಹೇಳಬೇಕು. ಸಂಥೆಯ ಕ್ರಮವೇ ಅದಾದ್ದರಿಂದ ತೊಂದರೆಯೇನಿಲ್ಲ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರು ಈ ವಾರ ಮನೆಯ ಹಿರಿಯರಿಗೆ ಒಂದು ಫೋನು ಮಾಡಿ. ನಮ್ಮ ಮನೆಯಲ್ಲಿ ದೀಪ ಹಚ್ಚುವಾಗ, ಊಟಕ್ಕೆ ಮೊದಲು, ಮಲಗುವಾಗ ಏನು ಹೇಳುತ್ತಿದ್ದರು ಎಂದು ಕೇಳಿ. ಅದು ಶ್ಲೋಕವೇ ಆಗಿರಬೇಕಿಲ್ಲ. ದಾಸರ ಪದವೋ, ವಚನವೋ, ಬರೀ ಶಿವನ ಹೆಸರೋ ಇರಬಹುದು. ಪುಸ್ತಕದಲ್ಲಿರುವುದಕ್ಕಿಂತ ಒಂದೆರಡು ಅಕ್ಷರ ಬೇರೆ ಇದ್ದರೆ ಹಿರಿಯರು ಹೇಳಿದ್ದನ್ನೇ ಬರೆದುಕೊಳ್ಳಿ. ಮೊದಲ ಒಂದು ತಿಂಗಳು ಮಗುವಿಗೆ ಏನನ್ನೂ ಹೇಳಿಕೊಡಬೇಡಿ. ದಿನಾ ಅದೇ ಹೊತ್ತಿಗೆ, ಫೋನು ಬೇರೆ ಕೋಣೆಯಲ್ಲಿಟ್ಟು, ಮಗುವಿಗೆ ಕೇಳುವಂತೆ ನೀವು ಹೇಳಿಕೊಳ್ಳಿ. ಅದು ತಾನಾಗಿ ಬಂದು ಕೊನೆಯ ಪದಕ್ಕೆ ದನಿಗೂಡಿಸಿದ ಮೇಲೆ ಎರಡನೆಯ ಸಾಲಿನ ಮಾತು.